ಮಾಮಲ್ಲಪುರದಲ್ಲಿ ನಾವು ಯಾರ ಕಡೆ?

ಪ್ರವಾಸದ ಬಗ್ಗೆ ಐದು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಯವರು ಕೇಳಿದಾಗ ನಾನು ದೂರದ ಊರನ್ನು ಆರಿಸಲಿಲ್ಲ. ಚೆನ್ನೈನಿಂದ ಸುಮಾರು 55 ಕಿ.ಮೀ. ದೂರದ ಮಾಮಲ್ಲಪುರ, ಅಂದರೆ ಮಹಾಬಲಿಪುರಂ, ನಮಗೆಲ್ಲ ಗೊತ್ತಿರುವ ಜಾಗವೇ. ಊರಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇವೆ, ಫೋಟೊ ತೆಗೆಯುತ್ತೇವೆ, ಎಳನೀರು ಕುಡಿದು ವಾಪಸ್ ಬರುತ್ತೇವೆ.

ಈ ಸಲ ಐದನೇ ತರಗತಿಯ ಮಗಳು ಜೊತೆಗಿದ್ದಳು. ಊರಿನ ಹೆಸರಿನಲ್ಲಿರುವ ಮಾಮಲ್ಲ ಯಾರು ಎಂದು ಕೇಳಿದಳು. ಅವನು ಪಲ್ಲವರ ಒಂದನೆಯ ನರಸಿಂಹವರ್ಮ. 642ರಲ್ಲಿ ನಮ್ಮ ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಗೆದ್ದವನು. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನ ಈಗಲೂ ಇದೆ. ಇದನ್ನು ಹೇಳಿದ ತಕ್ಷಣ, "ಹಾಗಾದ್ರೆ ಅಮ್ಮಾ, ನಾವು ಯಾರ ಕಡೆ?" ಎಂದಳು. ಅವಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಶಾಲೆಯಲ್ಲಿ ತಮಿಳು ಕಲಿಯುತ್ತಾಳೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಕಾವೇರಿ ಗಲಾಟೆ ಶುರುವಾದರಂತೂ ಮರುದಿನವೇ!

ಅವಳಿಗೆ ಕಥೆಯ ಇನ್ನರ್ಧವನ್ನೂ ಹೇಳಬೇಕಾಯಿತು. ಸುಮಾರು ನೂರು ವರ್ಷಗಳ ನಂತರ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಆದರೆ ಊರನ್ನು ಹಾಳು ಮಾಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿಸಿ, ಅದನ್ನು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲೇ ಕೆತ್ತಿಸಿದ. ಆ ದೇವಾಲಯವನ್ನೂ ಮಾಮಲ್ಲಪುರದ ಕಡಲತೀರದ ಗುಡಿಯನ್ನೂ ಕಟ್ಟಿಸಿದವನು ಒಬ್ಬನೇ, ಪಲ್ಲವರ ರಾಜಸಿಂಹ. ಕಂಚಿಯ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದವಳು ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಕೈಲಾಸನಾಥದ ಛಾಯೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಸೋತವರ ಶಿಲ್ಪಕಲೆಯನ್ನು ಮೆಚ್ಚಿ ತನ್ನ ನಾಡಿಗೆ ತಂದುಕೊಂಡ ಹೆಣ್ಣುಮಗಳು ಅವಳು.

ಮಾಮಲ್ಲಪುರದ ದೊಡ್ಡ ಬಂಡೆಯ ಕೆತ್ತನೆ ಅರ್ಜುನನ ತಪಸ್ಸೋ ಗಂಗಾವತರಣವೋ ಎಂದು ಪಂಡಿತರು ಚರ್ಚಿಸುತ್ತಾರೆ. ಮಕ್ಕಳು ನೋಡುವುದು ಅದರ ಪ್ರಾಣಿಗಳನ್ನು. ಮರಿಗಳೊಂದಿಗೆ ಆನೆಗಳು, ಹಿಂಗಾಲಿನ ಮೇಲೆ ನಿಂತು ತಪಸ್ಸು ಮಾಡುವ ಬೆಕ್ಕು, ಅದರ ಸುತ್ತ ಇಲಿಗಳು!

ಜೀವಂತ ಪ್ರಾಣಿಗಳನ್ನು ನೋಡಲು ವಾಪಸ್ ಬರುವಾಗ ಇ.ಸಿ.ಆರ್. ರಸ್ತೆಯ ವಡನೆಮ್ಮೇಲಿಯಲ್ಲಿ ಇಳಿದೆವು. ಚರ್ಮಕ್ಕಾಗಿ ಬೇಟೆಯಾಡಿ ಮೊಸಳೆಗಳು ಕಡಿಮೆಯಾಗಿದ್ದ ಕಾಲದಲ್ಲಿ, 1976ರಲ್ಲಿ, ರಾಮ್ಯುಲಸ್ ವಿಟೇಕರ್ ಮತ್ತು ಝಾಯಿ ವಿಟೇಕರ್ ಇಲ್ಲಿ ಮೊಸಳೆ ಬ್ಯಾಂಕ್ ಆರಂಭಿಸಿದರು. ಇಲ್ಲೇ ಇರುಳರ ಸಹಕಾರ ಸಂಘವೂ ಇದೆ. ಇರುಳರು ಹಿಂದೆ ಚರ್ಮದ ವ್ಯಾಪಾರಕ್ಕೆ ಹಾವು ಹಿಡಿಯುತ್ತಿದ್ದ ಬುಡಕಟ್ಟಿನವರು. 1972ರ ವನ್ಯಜೀವಿ ಕಾಯ್ದೆ ಬಂದು ಆ ದುಡಿಮೆ ನಿಂತಿತು. 1978ರಲ್ಲಿ ಸಂಘ ಕಟ್ಟಿಕೊಂಡರು. ಈಗ ನಾಗರ, ಕೊಳಕುಮಂಡಲಗಳನ್ನು ಹಿಡಿದು, ಮಡಕೆಯಲ್ಲಿಟ್ಟು ಸಾಕಿ, ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತಾರೆ. ಹಾವು ಕಡಿದವರಿಗೆ ಕೊಡುವ ಪ್ರತಿವಿಷ ತಯಾರಾಗುವುದು ಈ ವಿಷದಿಂದಲೇ. ನಮ್ಮೂರ ಹೊಲದಲ್ಲಿ ಹಾವು ಕಚ್ಚಿದ ಹೆಂಗಸನ್ನೂ ಉಳಿಸುವುದು ಅದೇ ಔಷಧಿ. 2023ರಲ್ಲಿ ಹಾವು ಹಿಡಿಯುವ ಇಬ್ಬರು ಇರುಳರಿಗೆ ಪದ್ಮಶ್ರೀ ಬಂತು.

ಅಲ್ಲೇ ಮಗಳಿಗೆ ಉತ್ತರ ಹೇಳಿದೆ. "ಗೆದ್ದವರ ಕಡೆಯೂ ಅಲ್ಲ, ಸೋತವರ ಕಡೆಯೂ ಅಲ್ಲ ಪುಟ್ಟಿ, ಉಳಿಸಿದವರ ಕಡೆ." ಅವಳಿಗೆ ಪೂರ್ತಿ ಒಪ್ಪಿಗೆಯಾದಂತಿಲ್ಲ. "ಆದ್ರೂ ಪುಲಿಕೇಶಿ ನಮ್ಮವನೇ ಅಲ್ವಾ?" ಎಂದಳು. ಹೌದು, ನಮ್ಮವನೇ.

ಕೊನೆಗೆ ವೇದಿಕೆಗೆ ಒಂದು ವಿನಂತಿ. ಈ ವರ್ಷದ ಪಿಕ್ನಿಕ್ ಮಾಮಲ್ಲಪುರಕ್ಕೇ ಇರಲಿ. ಮರುದಿನ ಕಂಚಿಗೆ ಹೋಗಿ ಮಕ್ಕಳಿಗೆ ಆ ಕಂಬದ ಕನ್ನಡ ಅಕ್ಷರಗಳನ್ನು ತೋರಿಸೋಣ. ರಜೆಯಲ್ಲಿ ಊರಿಗೆ ಹೋದಾಗ ಪಟ್ಟದಕಲ್ಲು ಬಿಡಬೇಡಿ. ಬುತ್ತಿಗೆ ಚಿತ್ರಾನ್ನ ನಾನು ತರುತ್ತೇನೆ, ಮೊಸರನ್ನದ ಜವಾಬ್ದಾರಿ ನಿಮ್ಮದು.