ಬಾಟಲಿಯ ತಳದಿಂದ ಬಾಣದ ಮೊನೆ

ಕಲ್ಲಿನ ಬಾಣದ ಮೊನೆ ಮಾಡಲು ಕಲಿಯುವವರು ಮೊದಲ ದಿನವೇ ಕಲ್ಲು ಹುಡುಕಬೇಕಾಗಿಲ್ಲ. ದಪ್ಪ ಬಾಟಲಿಯೊಂದರ ತಳ ಸಾಕು. ನಗಬೇಡಿ, ಈ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದ ಕಣ್ಣೆದುರು ಮಾಡಿ ತೋರಿಸಿದ ಇಶಿ ಕೂಡ ಬಾಟಲಿಯ ಗಾಜನ್ನು ಇಷ್ಟಪಟ್ಟು ಬಳಸುತ್ತಿದ್ದ.

ಇಶಿ ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನವನು. 1849ರಲ್ಲಿ ಚಿನ್ನದ ಆಸೆಗೆ ನುಗ್ಗಿದ ಜನರ ಹಿಂದೆಯೇ ಬಂದು ನೆಲೆಸಿದ ಬಿಳಿಯರು 1860ರ ದಶಕದಲ್ಲಿ ಯಾಹಿಗಳನ್ನು ಬೇಟೆಯಾಡಿ ಕೊಂದರು. ಅಳಿದುಳಿದ ಕೆಲವರು ದಶಕಗಳ ಕಾಲ ಕಮರಿಗಳಲ್ಲಿ ಅಡಗಿದ್ದರು. ಕೊನೆಗೆ ಒಬ್ಬನೇ ಉಳಿದ ಇಶಿ 1911ರ ಆಗಸ್ಟ್‌ನಲ್ಲಿ ಓರೊವಿಲ್ ಊರಿಗೆ ಬಂದ. ಆತ ತನ್ನ ಹೆಸರು ಹೇಳಲಿಲ್ಲ. ‘ಇಶಿ’ ಎಂದರೆ ಅವರ ಭಾಷೆಯಲ್ಲಿ ಮನುಷ್ಯ, ಅಷ್ಟೆ. 1916ರಲ್ಲಿ ಕ್ಷಯದಿಂದ ಸಾಯುವವರೆಗೆ ಸ್ಯಾನ್‌ಫ್ರಾನ್ಸಿಸ್ಕೊದ ವಸ್ತುಸಂಗ್ರಹಾಲಯವೇ ಆತನ ಮನೆಯಾಯಿತು. ನೋಡಲು ಬಂದವರ ಮುಂದೆ ಕುಳಿತು ಮೊನೆ ಮಾಡುತ್ತಿದ್ದ. ಆತನಿಂದ ಬಿಲ್ಲುವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅದನ್ನೆಲ್ಲ ಬರೆದಿಟ್ಟರು.

ಕೆಲಸ ಹೀಗೆ. ಎಡ ಅಂಗೈಯಲ್ಲಿ ದಪ್ಪ ಚರ್ಮ, ಅದರ ಮೇಲೆ ಗಾಜು. ಬಲಗೈಯಲ್ಲಿ ಜಿಂಕೆಯ ಕೊಂಬಿನ ತುದಿ ಅಥವಾ ಕೋಲಿಗೆ ಬಿಗಿದ ಮೊಳೆ. ಹೊಸಬರು ಹೊಡೆಯಲು ಹೋಗುತ್ತಾರೆ. ಇಲ್ಲಿ ಇರುವುದು ಒತ್ತುವುದು ಮಾತ್ರ. ಅದಕ್ಕೂ ಮೊದಲು ಅಂಚನ್ನು ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಬೇಕು. ಹರಿತ ಮಾಡುವ ಕೆಲಸ ಮೊಂಡು ಮಾಡುವುದರಿಂದ ಶುರುವಾಗುವುದು ವಿಚಿತ್ರವೇ. ಆದರೆ ತೆಳು ಅಂಚು ಭಾರ ತಾಳದೆ ಪುಡಿಯಾಗುತ್ತದೆ, ಚಕ್ಕೆ ಏಳುವುದಿಲ್ಲ. ಮೊದಲು ಒಳಮುಖವಾಗಿ ಒತ್ತಿ, ಬಿಗಿ ಏರಿದಾಗ ಕೆಳಕ್ಕೆ ತಿರುಗಿಸಿದರೆ ಅಂಗೈ ಕಡೆಯ ಮೈಯಿಂದ ತೆಳು ಚಕ್ಕೆ ಕಳಚುತ್ತದೆ. ಅದರ ಮೈ ಕಪ್ಪೆಚಿಪ್ಪಿನಂತೆ ಬಾಗಿರುತ್ತದೆ. ಗಾಜು, ಚಕಮಕಿ ಕಲ್ಲು, ಜ್ವಾಲಾಮುಖಿಯ ಕರಿಗಾಜು ಎಲ್ಲವೂ ಒಡೆಯುವುದು ಹೀಗೆಯೇ. ನಂತರ ಮಗುಚಿ ಇನ್ನೊಂದು ಮೈ. ಬುಡದ ಕಚ್ಚುಗಳನ್ನು ಕೊನೆಗೆ ಹಾಕಬೇಕು. ಬಹಳಷ್ಟು ಮೊನೆಗಳು ಮುರಿಯುವುದೂ ಆಗಲೇ.

ಕಣ್ಣಿಗೆ ಚೂರು ಸಿಡಿದರೆ ಇಶಿ ಕೆಳರೆಪ್ಪೆಯನ್ನು ಎಳೆದು, ಬಗ್ಗಿ, ನೆತ್ತಿಯ ಮೇಲೆ ಬಲವಾಗಿ ಗುದ್ದಿಕೊಳ್ಳುತ್ತಿದ್ದನಂತೆ. ನೀವು ಕನ್ನಡಕ ಹಾಕಿಕೊಳ್ಳಿ. ಬಯಲಿನಲ್ಲಿ ಕುಳಿತು ಮಾಡಿ; ಕಲ್ಲಿನ ದೂಳು ಶ್ವಾಸಕೋಶಕ್ಕೆ ಕೇಡು.

1996ರಲ್ಲಿ ಬರ್ಕ್ಲಿಯ ಪುರಾತತ್ವಜ್ಞ ಸ್ಟೀವನ್ ಶ್ಯಾಕ್ಲಿ ಇಶಿಯ ಮೊನೆಗಳ ಬಗ್ಗೆ ಅಚ್ಚರಿಯ ಮಾತು ಹೇಳಿದರು. ಯಾಹಿಗಳ ಹಳೆಯ ನೆಲೆಗಳಲ್ಲಿ ಸಿಕ್ಕವು ಗಿಡ್ಡ, ಅಗಲ. ಇಶಿಯವು ಉದ್ದ, ಸಪೂರ. ನೆರೆಯ ವಿಂಟು, ನೊಮ್ಲಾಕಿ ಜನರ ಮೊನೆಗಳಂತೆ. ಯಾಹಿಗಳಿಗೂ ವಿಂಟುಗಳಿಗೂ ಹಳೆಯ ಹಗೆತನ. ಕೊನೆಯ ಅಪ್ಪಟ ಯಾಹಿ ಎಂದು ಜಗತ್ತು ಕರೆದವನ ಕೈಯಲ್ಲಿ ಅವರ ಮಾದರಿ ಬಂದದ್ದೆಲ್ಲಿಂದ? ಕಚ್ಚು ಎಲ್ಲಿ, ಅಲಗು ಎಷ್ಟುದ್ದ ಎಂಬುದು ಪಕ್ಕದಲ್ಲಿ ಕುಳಿತು ನೋಡಿ ಬರುವಂಥದ್ದು. ಬಾಲಕ ಇಶಿಗೆ ಕಲಿಸಿದವರು ಆ ಕಡೆಯ ಬಂಧುಗಳೇ ಇರಬೇಕೆಂಬುದು ಶ್ಯಾಕ್ಲಿಯವರ ಊಹೆ.