ಗೋವಾದ ಮನೆ, ಇಬ್ಬರ ತೆರಿಗೆ

ಗೋವಾದಲ್ಲಿ ಮನೆ ಕೊಳ್ಳುವವರ ತೆರಿಗೆ ಲೆಕ್ಕ ಮದುವೆಯಿಂದಲೇ ಶುರುವಾಗುತ್ತದೆ. 1961ರ ಡಿಸೆಂಬರ್ 19ರಂದು ಪೋರ್ಚುಗೀಸರ ಆಳ್ವಿಕೆ ಮುಗಿದರೂ ಅವರ 1867ರ ಸಿವಿಲ್ ಸಂಹಿತೆಯ ಕೌಟುಂಬಿಕ ನಿಯಮಗಳು ಇಲ್ಲಿ ಉಳಿದುಕೊಂಡವು. ಮದುವೆಗೆ ಮುಂಚೆ ಬೇರೆ ಕರಾರು ಆಗಿರದಿದ್ದರೆ ಆಸ್ತಿಯಲ್ಲಿ ಗಂಡಹೆಂಡಿರಿಗೆ ಸಮಪಾಲು. ಅದಕ್ಕೆ ತಕ್ಕಂತೆ 1961ರ ಆದಾಯ ತೆರಿಗೆ ಕಾಯ್ದೆಯ 5ಎ ಸೆಕ್ಷನ್, ಸಂಬಳವೊಂದನ್ನು ಬಿಟ್ಟು ಉಳಿದ ಆದಾಯವನ್ನೆಲ್ಲ ಇಬ್ಬರಿಗೂ ಅರ್ಧರ್ಧ ಹಂಚಿತು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಸಂಖ್ಯೆ ಬದಲಾಗಿದೆ, ನಿಯಮ ಬದಲಾಗಿಲ್ಲ.

ಮಡಗಾಂವಿನ ಒಂದು ಫ್ಲ್ಯಾಟಿಗೆ ವರ್ಷಕ್ಕೆ 2,50,000 ರೂಪಾಯಿ ಬಾಡಿಗೆ, 10,000 ರೂಪಾಯಿ ಮನೆಗಂದಾಯ ಎಂದಿಟ್ಟುಕೊಳ್ಳಬಹುದು. ಉಳಿದ 2,40,000ದಲ್ಲಿ ಕಾಯ್ದೆಯಂತೆ ಶೇ 30ರ ಕಡಿತ ಹೋದರೆ 1,68,000. ಕ್ರಯಪತ್ರದಲ್ಲಿ ಒಬ್ಬರದೇ ಹೆಸರಿದ್ದರೂ ಇಬ್ಬರೂ ತಲಾ 84,000 ತೋರಿಸಬೇಕು. ದುಡಿಮೆಯಿಲ್ಲದ ಹೆಂಡತಿಯ ಪಾಲಿಗೆ ತೆರಿಗೆಯೇ ಬೀಳದಿರಬಹುದು; ಸಣ್ಣ ಕುಟುಂಬಕ್ಕೆ ಇದು ದೊಡ್ಡ ಅನುಕೂಲ. ಆದರೆ ಹೀಗೆ ಆದಾಯ ಹಂಚಿಕೊಳ್ಳುವವರಿಗೆ ತೆರಿಗೆ ವಿವರ ಸಲ್ಲಿಸುವ ಸರಳವಾದ ಸಹಜ್ ನಮೂನೆ ನಡೆಯದು.

ವಾಸ್ಕೊ, ಬಾಯ್ನಾ, ಝುವಾರಿನಗರಗಳಲ್ಲಿ ನೆಲೆಸಿದ ಉತ್ತರ ಕರ್ನಾಟಕದ ಕುಟುಂಬಗಳು ಇಲ್ಲಿ ಎಚ್ಚರ ವಹಿಸಬೇಕು. ಗೋವಾದಲ್ಲಿ ಮನೆಯಿದ್ದ ಮಾತ್ರಕ್ಕೆ ಈ ಹಂಚಿಕೆ ಸಿಗುವುದಿಲ್ಲ. ದಂಪತಿ ಆ ಸಂಹಿತೆಗೆ ಒಳಪಟ್ಟಿರಬೇಕು. ಅದನ್ನು ಊಹೆಗೆ ಬಿಡದೆ ವಕೀಲರಿಂದ ತಿಳಿಯುವುದೇ ಸರಿ.

ಕೊಳ್ಳುವಾಗ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಲಿಸ್ಬನ್ನಿನಲ್ಲೋ ಲಂಡನ್ನಿನಲ್ಲೋ ನೆಲೆಸಿದ ಅನಿವಾಸಿಗಳಾದರೆ (ಗೋವಾದಲ್ಲಿ ಇದು ಅಪರೂಪವಲ್ಲ) 50 ಲಕ್ಷದ ಮಿತಿಯೂ ಇಲ್ಲ, ಶೇ 1ರ ದರವೂ ಇಲ್ಲ. ಮುರಿಯಬೇಕಾದ ಮೊತ್ತ ಬಹಳ ಹೆಚ್ಚು. ಮರೆತರೆ ಹೊಣೆ ಕೊಂಡವರದು. ಆ ಸಂಹಿತೆಗೆ ಒಳಪಟ್ಟ ದಂಪತಿ ಮಾರುವ ಆಸ್ತಿಗೆ ಇಬ್ಬರ ಸಹಿಯೂ ಬೇಕು. ಜಮೀನಿನ ದಾಖಲೆಯಾದ ನಮೂನೆ 1 ಮತ್ತು 14ರಲ್ಲಿ ಯಾರ ಹೆಸರಿದೆ, ಮುಂಡಕಾರರ (ಮಾಲೀಕರ ಒಪ್ಪಿಗೆಯಿಂದ ಅವರ ಜಾಗದ ಮನೆಯಲ್ಲಿ ನೆಲೆಸಿದವರ) ಹಕ್ಕಿದೆಯೇ, ಭೂಪರಿವರ್ತನೆಯ ಸನದು ಆಗಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಬೇಕು. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಮೇಲೆ ಕೊಳ್ಳುವ ಮನೆಗೆ ಜಿಎಸ್‌ಟಿ ಇಲ್ಲ.

24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭಕ್ಕೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ನಿವಾಸಿಗಳು ಹಣದುಬ್ಬರದ ಲೆಕ್ಕ ಹಿಡಿದು ಶೇ 20ರ ದಾರಿಯನ್ನೂ ಹೋಲಿಸಿ ನೋಡಬಹುದು. ಹಳೆಯ ರಸೀದಿಗಳಿಲ್ಲದೆ ಈ ಹೋಲಿಕೆ ಸಾಧ್ಯವಿಲ್ಲ.

ಮನೆ-ನಿವೇಶನ ಮೇಳದ ಯಾವ ಮಳಿಗೆಯಲ್ಲೇ ಆಗಲಿ, ಕಾಗದಪತ್ರಗಳ ನಕಲು ಕೈಗೆ ಬರುವವರೆಗೆ ಯಾರೂ ಮುಂಗಡ ಕೊಡಬಾರದು.