ಖಾನೇಷುಮಾರಿ ಮತ್ತು ಗೋದಲಿ



ಡಿಸೆಂಬರ್ ಬಂತೆಂದರೆ ಇಗರ್ಜಿಗಳಲ್ಲಿ, ಕ್ರೈಸ್ತರ ಮನೆಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಹುಲ್ಲಿನ ಮೇಲೆ ಮಲಗಿದ ಶಿಶು, ತಾಯಿ ಮರಿಯಳು, ಯೋಸೇಫ, ಕುರುಬರು, ದನಕರು. ಇವರನ್ನೆಲ್ಲ ನೀವು ನೋಡಿಯೇ ಇರುತ್ತೀರಿ. ಈ ಗೊಂಬೆಗಳ ನಡುವೆ ಎಂದೂ ಕಾಣಿಸದ ಒಬ್ಬ ವ್ಯಕ್ತಿಯಿದ್ದಾನೆ. ಲೂಕನ ಸುವಾರ್ತೆಯಲ್ಲಿ ಜನನದ ಪ್ರಸಂಗ ಆರಂಭವಾಗುವುದೇ ಅವನ ಹೆಸರಿನಿಂದ. ಅವನು ರೋಮಿನ ಚಕ್ರವರ್ತಿ ಅಗಸ್ಟಸ್. ಪ್ರಜೆಗಳೆಲ್ಲ ಹೆಸರು ಬರೆಯಿಸಬೇಕೆಂದು ಅವನು ಆಜ್ಞೆ ಹೊರಡಿಸಿದ. ಅದಕ್ಕಾಗಿ ಯೋಸೇಫ ಗರ್ಭಿಣಿ ಮರಿಯಳೊಡನೆ ನಜರೇತಿನಿಂದ ನೂರು ಕಿಲೋಮೀಟರಿಗೂ ದೂರದ ಬೆತ್ಲೆಹೇಮಿಗೆ ಹೋಗಬೇಕಾಯಿತು ಎನ್ನುತ್ತಾನೆ ಲೂಕ.

ಹೆಸರು ಬರೆಯಿಸುವುದರಲ್ಲಿ ಅಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದ ಜನಗಣತಿಗೂ ಇದಕ್ಕೂ ವ್ಯತ್ಯಾಸವಿದೆ. ರೋಮನರು ಗೆದ್ದ ಪ್ರಾಂತ್ಯಗಳಲ್ಲಿ ಎಣಿಸುತ್ತಿದ್ದುದು ಕಂದಾಯಕ್ಕಾಗಿ. ಎಷ್ಟು ಭೂಮಿ, ಎಷ್ಟು ತಲೆ ಎಂಬ ಪಟ್ಟಿ ಸಿದ್ಧವಾದರೆ ಭೂಕಂದಾಯವೂ ತಲೆಗಂದಾಯವೂ ಅದರ ಹಿಂದೆಯೇ ಬರುತ್ತಿದ್ದವು.

ಯೆಹೂದ್ಯರ ನಾಡು ರೋಮಿನ ಹಿಡಿತಕ್ಕೆ ಬಂದದ್ದು ಕ್ರಿ.ಪೂ. 63ರಲ್ಲಿ, ಸೇನಾನಿ ಪಾಂಪೆ ಜೆರೂಸಲೇಮನ್ನು ವಶಪಡಿಸಿಕೊಂಡಾಗ. ಕ್ರಿ.ಪೂ. 40ರಲ್ಲಿ ರೋಮಿನ ಸೆನೆಟ್ ಹೆರೋದನನ್ನು ಅಲ್ಲಿನ ರಾಜನೆಂದು ಘೋಷಿಸಿತು. ಹೆಸರಿಗೆ ರಾಜ, ನಿಜದಲ್ಲಿ ಸಾಮಂತ. ಕ್ರಿ.ಪೂ. 4ರಲ್ಲಿ ಅವನು ಸತ್ತೊಡನೆ ನಾಡಿನ ಹಲವೆಡೆ ದಂಗೆಗಳೆದ್ದವು. ಸಿರಿಯಾದ ರೋಮನ್ ಅಧಿಪತಿ ವಾರಸ್ ಸೈನ್ಯದೊಡನೆ ಬಂದ. ನಜರೇತಿನಿಂದ ಆರೇಳು ಕಿಲೋಮೀಟರು ದೂರದ ಸೆಫೋರಿಸ್ ಪಟ್ಟಣವನ್ನು ಸುಟ್ಟು, ಜನರನ್ನು ಗುಲಾಮರನ್ನಾಗಿ ಮಾಡಿದರೆಂದೂ, ಸುಮಾರು 2000 ಮಂದಿಯನ್ನು ಶಿಲುಬೆಗೇರಿಸಿದರೆಂದೂ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಯೇಸು ಬೆಳೆದ ಊರಿನ ಹಿರಿಯರ ನೆನಪಿನಲ್ಲಿ ಆ ಹೊಗೆ ಇದ್ದೇ ಇದ್ದಿರಬೇಕು.

ಹೆರೋದನ ರಾಜ್ಯ ಮೂವರು ಮಕ್ಕಳಿಗೆ ಹಂಚಿಹೋಯಿತು. ಯೂದಾಯವನ್ನು ಪಡೆದ ಅರ್ಖೆಲಾಯನನ್ನು ಅಗಸ್ಟಸ್ ಕ್ರಿ.ಶ. 6ರಲ್ಲಿ ಪದಚ್ಯುತಗೊಳಿಸಿ ಗಡೀಪಾರು ಮಾಡಿದ. ಯೂದಾಯ ನೇರವಾಗಿ ರೋಮಿನ ಆಡಳಿತಕ್ಕೆ ಸೇರಿತು. ಕಂದಾಯದ ಪಟ್ಟಿ ಮಾಡಿಸಿದವನು ಸಿರಿಯಾದ ಅಧಿಪತಿ ಕ್ವಿರಿನಿಯಸ್. ಕನ್ನಡ ಬೈಬಲ್ಲಿನಲ್ಲಿ ಇವನೇ ಕುರೇನ್ಯ. ದೇವರೊಬ್ಬನೇ ಒಡೆಯನಾಗಿರುವಾಗ ರೋಮಿಗೆ ತೆರಿಗೆ ಕೊಡುವುದು ಗುಲಾಮಗಿರಿ ಎಂದು ಗಲಿಲಾಯದ ಯೂದ ಎಂಬವನು ಜನರನ್ನು ಎಬ್ಬಿಸಿದ.

ಇಲ್ಲೊಂದು ತೊಡಕಿದೆ. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಹೆರೋದ ಬದುಕಿದ್ದಾಗ, ಎಂದರೆ ಕ್ರಿ.ಪೂ. 4ರ ಒಳಗೆ. (ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿಯೇ ಎಂದು ನಗಬೇಡಿ. ಆರನೆಯ ಶತಮಾನದಲ್ಲಿ ಈ ಶಕವನ್ನು ಎಣಿಸಿದ ಡಯೊನೀಸಿಯಸ್ ಎಂಬ ಸಂನ್ಯಾಸಿಯ ಲೆಕ್ಕ ಕೆಲವು ವರ್ಷ ತಪ್ಪಿತ್ತು.) ಲೂಕನೂ ಹೆರೋದನ ದಿನಗಳಿಂದಲೇ ಕಥೆ ಆರಂಭಿಸುತ್ತಾನೆ, ಆದರೆ ಜನನವನ್ನು ಕುರೇನ್ಯನ ಗಣತಿಗೆ ಸೇರಿಸುತ್ತಾನೆ. ಹೆರೋದನ ಸಾವಿಗೂ ಆ ಗಣತಿಗೂ ನಡುವೆ ಒಂಬತ್ತು-ಹತ್ತು ವರ್ಷಗಳ ಅಂತರವಿದೆ. ಸಾಲದ್ದಕ್ಕೆ ನಜರೇತು ಇರುವ ಗಲಿಲಾಯ ಆಗ ಹೆರೋದನ ಇನ್ನೊಬ್ಬ ಮಗ ಅಂತಿಪನ ಕೈಯಲ್ಲಿತ್ತು. ಯೂದಾಯದ ಪಟ್ಟಿ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಊರು ಬಿಟ್ಟವರು ಸ್ವಂತ ಊರಿಗೆ ಮರಳಿ ಹೆಸರು ಬರೆಯಿಸಬೇಕೆಂಬ ರೋಮನ್ ಆಜ್ಞೆಯೊಂದು ಈಜಿಪ್ಟಿನ ಪಪೈರಸ್ ಹಾಳೆಯಲ್ಲಿ ಉಳಿದಿದೆ ನಿಜ. ಆದರೆ ಅದು ಕ್ರಿ.ಶ. 104ರದು. ಕುರೇನ್ಯನು ಅದಕ್ಕೂ ಮೊದಲೊಮ್ಮೆ ಗಣತಿ ಮಾಡಿಸಿರಬಹುದೆಂದು ವಾದಿಸಿದವರಿದ್ದಾರೆ. ಅದಕ್ಕೆ ತಕ್ಕ ಆಧಾರ ನನಗೆ ಕಾಣುವುದಿಲ್ಲ.

ಹಾಗೆಂದು ಕಥೆಯನ್ನು ಬದಿಗಿಡಬೇಕಾಗಿಲ್ಲ. ಲೂಕ ಬರೆದದ್ದು ಹಲವು ದಶಕಗಳ ನಂತರ. ಅವನ ಮೊದಲ ಓದುಗರಿಗೆ ಅಗಸ್ಟಸನ ಹೆಸರು ಏನನ್ನು ನೆನಪಿಸುತ್ತಿತ್ತು ಎಂದು ಕೇಳಿಕೊಳ್ಳೋಣ. ಕ್ರಿ.ಪೂ. 9ರಲ್ಲಿ, ಇಂದಿನ ತುರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಷ್ಯಾ ಪ್ರಾಂತ್ಯದ ಸಭೆಯವರು ಹೊಸ ವರ್ಷವನ್ನು ಅಗಸ್ಟಸನ ಹುಟ್ಟುಹಬ್ಬದಿಂದ ಎಣಿಸಬೇಕೆಂದು ತೀರ್ಮಾನಿಸಿದರು. ಪ್ರಿಯೀನ್ ಎಂಬಲ್ಲಿ ದೊರೆತ ಆ ಶಾಸನ ಅವನನ್ನು ರಕ್ಷಕನೆಂದು ಹೊಗಳುತ್ತದೆ, ಅವನ ಜನ್ಮದಿನವನ್ನು ಶುಭವಾರ್ತೆಯ ಆರಂಭವೆನ್ನುತ್ತದೆ. ಸುವಾರ್ತೆ ಎಂಬ ನಮ್ಮ ಮಾತಿಗೆ ಮೂಲವಾದ ಗ್ರೀಕ್ ಪದವೇ ಅಲ್ಲಿಯೂ ಇದೆ. ಅದೇ ವರ್ಷ ರೋಮಿನಲ್ಲಿ ಅಗಸ್ಟಸನ ಶಾಂತಿಗೊಂದು ಬಲಿಪೀಠ ಪ್ರತಿಷ್ಠೆಯಾಯಿತು. ದೈವತ್ವಕ್ಕೇರಿದವನ ಮಗ ಎಂಬುದು ನಾಣ್ಯಗಳ ಮೇಲೆ ಅವನು ಅಚ್ಚೊತ್ತಿಸಿದ ಬಿರುದು; ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಅಗಸ್ಟಸನವೂ ಇದ್ದವು.

ಈಗ ಲೂಕನ ಕಥೆಯ ಆ ರಾತ್ರಿಯನ್ನು ಓದಿ. ಶುಭವಾರ್ತೆ, ರಕ್ಷಕ, ಶಾಂತಿ ಎಂಬ ಮಾತುಗಳು ಅಲ್ಲಿಯೂ ಬರುತ್ತವೆ. ಆದರೆ ಅವು ಕೇಳಿಸುವುದು ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಹುಟ್ಟಿದವನು ಮಲಗಿರುವುದು ದನಗಳಿಗೆ ಮೇವಿಡುವ ಗೋದಲಿಯಲ್ಲಿ. ಚಕ್ರವರ್ತಿಯ ಬಿರುದುಗಳನ್ನೆಲ್ಲ ಲೂಕ ಅಷ್ಟು ಸಣ್ಣ ಜಾಗಕ್ಕೆ ತಂದಿಟ್ಟಿದ್ದಾನೆ.

ಗಣತಿ ಎಂಬ ಮಾತಿಗೆ ಅಂಟಿದ್ದ ದಂಗೆಯ ವಾಸನೆ ಅವನಿಗೆ ತಿಳಿಯದ್ದಲ್ಲ. ಅವನದೇ ಎನ್ನಲಾದ ಇನ್ನೊಂದು ಗ್ರಂಥ, ಅಪೊಸ್ತಲರ ಕೃತ್ಯಗಳಲ್ಲಿ ಗಲಿಲಾಯದ ಯೂದನ ಹೆಸರಿದೆ. ಆದರೂ ಅವನ ಯೋಸೇಫ ಆಜ್ಞೆಯನ್ನು ಪಾಲಿಸಿ, ಹೆಸರು ಬರೆಯಿಸಲು ಸುಮ್ಮನೆ ಹೊರಡುತ್ತಾನೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ, ಅದೇ ಸುವಾರ್ತೆಯ ಕೊನೆಯ ಭಾಗದಲ್ಲಿ, ಆ ಮಗುವನ್ನು ರೋಮನ್ ಅಧಿಪತಿ ಪಿಲಾತನ ಮುಂದೆ ನಿಲ್ಲಿಸುತ್ತಾರೆ. ಹೊರಿಸಿದ ಆರೋಪಗಳಲ್ಲೊಂದು, ಚಕ್ರವರ್ತಿಗೆ ತೆರಿಗೆ ಕೊಡಬೇಡಿರೆಂದು ಇವನು ಜನರಿಗೆ ಹೇಳಿದ ಎಂಬುದು.